ಹೇಳಿದ್ದನ್ನು ಮಾಡುವುದೇ ಕರ್ತವ್ಯವಾ?

"ನನ್ನ ಡ್ಯೂಟಿ ನಾ ಮಾಡೀನ್ರಿ." ಕಲಬುರಗಿಯ ಯಾವ ಕಚೇರಿಗೆ ಹೋದರೂ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಮೇಲಿನವರು ಹೇಳಿದರು, ನಾನು ಮಾಡಿದೆ, ಮುಂದೆ ಏನಾಯಿತೋ ನನಗೆ ಗೊತ್ತಿಲ್ಲ ಎಂಬುದು ಅದರ ಒಳಗಿನ ಮಾತು. ಹಾಗಾಗಿ ಕರ್ತವ್ಯವೇ ನೀತಿಯ ಬುಡ ಎಂದ ಒಬ್ಬ ತತ್ವಜ್ಞಾನಿ ಇದ್ದ ಎಂದರೆ, ಅವನೂ ಇದನ್ನೇ ಹೇಳಿರಬೇಕು ಅನ್ನಿಸುವುದು ಸಹಜ. ಆದರೆ ಇಮ್ಯಾನುಯೆಲ್ ಕಾಂಟ್ ಹೇಳಿದ್ದು ಇದಕ್ಕೆ ತೀರಾ ಉಲ್ಟಾ. ಬೇರೆಯವರು ಹೇಳಿದರು ಎಂಬ ಒಂದೇ ಕಾರಣಕ್ಕೆ ಮಾಡಿದ ಕೆಲಸಕ್ಕೆ ಅವನ ಲೆಕ್ಕದಲ್ಲಿ ನೀತಿಯ ಬೆಲೆಯೇ ಇಲ್ಲ.

ನಮ್ಮಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಕಾಂಟ್‌ನನ್ನು ನೀತಿಶಾಸ್ತ್ರದ ಪತ್ರಿಕೆಗಾಗಿ ಬಾಯಿಪಾಠ ಮಾಡುತ್ತಾರೆ. ಎರಡು ಸಾಲಿನ ವ್ಯಾಖ್ಯೆ, ಅಷ್ಟೇ. ನನಗೆ ಇದು ಬೇಸರದ ಸಂಗತಿ. ಗಂಜಿನಲ್ಲಿ (ಕಾಳುಕಡಿಯ ಪೇಟೆ), ದವಾಖಾನೆಯಲ್ಲಿ, ತಹಶೀಲ್ ಕಚೇರಿಯ ಕಿಟಕಿಯ ಮುಂದೆ ದಿನಾ ಬೇಕಾಗುವ ವಿಚಾರ ಇದು.

ಗಂಜಿನಿಂದಲೇ ಶುರು ಮಾಡೋಣ. ಕಾಂಟ್ 1785ರಲ್ಲಿ ನೀತಿಯ ಬುನಾದಿಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದ. ಅದರಲ್ಲಿ ಒಬ್ಬ ಅಂಗಡಿಯವನ ಉದಾಹರಣೆ ಬರುತ್ತದೆ. ಏನೂ ತಿಳಿಯದ ಗಿರಾಕಿ ಬಂದರೂ ಅವನು ಜಾಸ್ತಿ ದುಡ್ಡು ಕೇಳುವುದಿಲ್ಲ. ಇದನ್ನು ನಮ್ಮ ತೊಗರಿ ಸುಗ್ಗಿಗೆ ತಂದು ನೋಡಿ. ಆಳಂದದ ಕಡೆಯಿಂದ ಒಬ್ಬ ರೈತ ಚೀಲ ಇಳಿಸುತ್ತಾನೆ. ಅವನಿಗೆ ಓದು ಬರುವುದಿಲ್ಲ, ಇವತ್ತಿನ ದರವೂ ಗೊತ್ತಿಲ್ಲ. ಮೂರು ಅಡತಿ ಅಂಗಡಿಗಳಿವೆ, ಮೂರರಲ್ಲೂ ತೂಕ ಸರಿ ಇರುತ್ತದೆ. ಮೊದಲನೆಯವನಿಗೆ ಹೆಸರು ಕೆಟ್ಟರೆ ಮುಂದಿನ ವರ್ಷ ಮಾಲು ಬರುವುದಿಲ್ಲ ಎಂಬ ಭಯ. ಎರಡನೆಯವನಿಗೆ ಆ ರೈತ ಬೇಕಾದವನು, ಅವನನ್ನು ಕಂಡರೆ ಪ್ರೀತಿ. ಮೂರನೆಯವನು ಯೋಚಿಸುವುದು ಇಷ್ಟು: ತಿಳಿಯದವನು ಅಂತ ಮೋಸ ಮಾಡುವುದು ತಪ್ಪು.

ಮೂವರೂ ಮಾಡಿದ್ದು ಸರಿಯಾದ ಕೆಲಸವೇ. ಕಾಂಟ್ ಮೊದಲ ಇಬ್ಬರನ್ನು ಬೈಯುವುದಿಲ್ಲ. ಆದರೆ ಅವರ ಕಾರಣಗಳನ್ನು ಅಲ್ಲಾಡಿಸಿ ನೋಡು ಎನ್ನುತ್ತಾನೆ. ಆ ರೈತ ಹೊಲ ಮಾರಿ ಊರು ಬಿಡುತ್ತಿದ್ದಾನೆ, ಮತ್ತೆ ಬರುವುದಿಲ್ಲ ಎಂದು ಗೊತ್ತಾದರೆ ಮೊದಲನೆಯವನಿಗೆ ನ್ಯಾಯವಾಗಿರಲು ಕಾರಣವೇ ಉಳಿಯುವುದಿಲ್ಲ. ಜಗಳವಾಗಿ ಪ್ರೀತಿ ಹೋದರೆ ಎರಡನೆಯವನದೂ ಅದೇ ಕಥೆ. ಮೂರನೆಯವನ ಕಾರಣ ಮಾತ್ರ ಯಾವ ಗಿರಾಕಿ ಬಂದರೂ ಬದಲಾಗುವುದಿಲ್ಲ. ಮೊದಲನೆಯವನು "ಗಿರಾಕಿ ಬೇಕಾದರೆ ತೂಕ ಸರಿ ಇಡು" ಎಂಬ ಮಾತಿಗೆ ಬದ್ಧ. ಮೂರನೆಯವನು "ತೂಕ ಸರಿ ಇಡು" ಎಂಬ ಮಾತಿಗೆ ಬದ್ಧ, ಅದಕ್ಕೆ 'ಬೇಕಾದರೆ' ಇಲ್ಲ. ಈ ಎರಡನೇ ಬಗೆಯ ಆಜ್ಞೆಯನ್ನೇ ಕಾಂಟ್ ನಿರುಪಾಧಿಕ ಆದೇಶ ಎಂದು ಕರೆದ. ಹೆಸರು ಭಾರ, ವಿಷಯ ಸರಳ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಯಾವಾಗಲೂ ಹುಟ್ಟುತ್ತದೆ. ಹಾಗಾದರೆ ಪ್ರೀತಿಯಿಂದ ಮಾಡಿದ್ದೆಲ್ಲ ಕೆಲಸಕ್ಕೆ ಬಾರದ್ದಾ? ಮುಖ ಗಂಟಿಕ್ಕಿಕೊಂಡೇ ಒಳ್ಳೆಯದು ಮಾಡಬೇಕಾ? ಇಲ್ಲ. ಪ್ರೀತಿ ಇರಲಿ, ಸಂತೋಷವೂ ಇರಲಿ. ಅವು ಇಲ್ಲದ ದಿನವೂ ನಿನ್ನ ತಕ್ಕಡಿ ಸರಿ ಇರುತ್ತದಾ ಎಂಬುದಷ್ಟೇ ಅವನ ಪ್ರಶ್ನೆ.

ಕಾಂಟ್ ಹುಟ್ಟಿದ್ದು 1724ರ ಏಪ್ರಿಲ್ 22ರಂದು, ಪ್ರಷ್ಯಾದ ಕೋನಿಗ್ಸ್‌ಬರ್ಗ್ ಊರಿನಲ್ಲಿ. ಈಗ ಅದು ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾಡ್. ಅಪ್ಪ ಕುದುರೆಗಳಿಗೆ ತೊಗಲಿನ ಸರಂಜಾಮು ಮಾಡುವ ಕಸಬಿನವನು. ಓದಿದವನೇ ದೊಡ್ಡವನು, ಏನೂ ತಿಳಿಯದ ಜನ ಕೀಳು ಎಂದು ತಾನೂ ಒಂದು ಕಾಲದಲ್ಲಿ ನಂಬಿದ್ದೆ, ಚಿಂತಕ ರೂಸೋ ನನ್ನನ್ನು ತಿದ್ದಿದ ಎಂದು ಕಾಂಟ್ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದಾನೆ. ಅವನ ನೀತಿಶಾಸ್ತ್ರದ ಬೇರು ಅಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಸರಿ ತಪ್ಪು ತಿಳಿಯಲು ಪಂಡಿತನಾಗಬೇಕಿಲ್ಲ ಎಂದು ಅವನು ಗಟ್ಟಿಯಾಗಿ ನಂಬಿದ್ದ.

ಹಾಗಾದರೆ ತಿಳಿಯುವುದು ಹೇಗೆ? ಇಲ್ಲಿ ಸ್ವಾಯತ್ತತೆಯ ವಿಚಾರ ಬರುತ್ತದೆ. ನೀತಿಯ ನಿಯಮವನ್ನು ಮನುಷ್ಯ ತನ್ನ ಬುದ್ಧಿಯಿಂದ ತಾನೇ ತನಗೆ ಹಾಕಿಕೊಳ್ಳುತ್ತಾನೆ ಎಂಬುದು ಅದರ ಸಾರ. ರಾಜ ಹೇಳಿದ, ಗುರು ಹೇಳಿದರು, ಊರಲ್ಲಿ ಹೀಗೇ ನಡೆದು ಬಂದಿದೆ ಎಂಬುವೆಲ್ಲ ಹೊರಗಿನ ಕಾರಣಗಳು. ದೇವರೇ ಹೇಳಿದ ಎಂದರೂ, ಹೇಳಿದ್ದು ಒಳ್ಳೆಯದು ಎಂದು ಗುರುತಿಸುವ ಕೆಲಸ ನಮ್ಮ ಬುದ್ಧಿಯದೇ. ಇಷ್ಟನ್ನು ಜನ ಬೇಗ ಒಪ್ಪುತ್ತಾರೆ. ಮುಂದಿನ ಮಾತಿಗೆ ಬೆಚ್ಚುತ್ತಾರೆ. ನನ್ನ ಆಸೆ, ನನ್ನ ಸಿಟ್ಟು, ನನ್ನ ಚಟ ಕೂಡ ಕಾಂಟ್‌ಗೆ ಹೊರಗಿನವೇ. ಮನಸ್ಸಿಗೆ ಬಂದಂತೆ ಕುಡಿಯುವವನು ತಾನು ಸ್ವತಂತ್ರ ಅಂದುಕೊಂಡಿರುತ್ತಾನೆ. ಅವನನ್ನು ನಡೆಸುತ್ತಿರುವುದು ಬಾಟಲಿ. ನಾನು ಯೋಚಿಸಿ ಸರಿ ಎಂದು ಒಪ್ಪಿದ ನಿಯಮಕ್ಕೆ ನಾನೇ ತಲೆಬಾಗಿದಾಗ ಮಾತ್ರ ನಾನು ಸ್ವತಂತ್ರ. 1784ರ ಒಂದು ಲೇಖನದಲ್ಲಿ ಅವನು ಓದುಗರಿಗೆ ಕೊಟ್ಟ ಕರೆಯೂ ಇದೇ: ನಿನ್ನ ಬುದ್ಧಿಯನ್ನು ನೀನೇ ಬಳಸುವ ಧೈರ್ಯ ಮಾಡು.

ಆದರೆ ತಾನೇ ನಿಯಮ ಹಾಕಿಕೊಳ್ಳುವುದೆಂದರೆ ತನಗೆ ಬೇಕಾದಂತೆ ಹಾಕಿಕೊಳ್ಳುವುದಲ್ಲ. ಅದಕ್ಕೆ ಒಂದು ಪರೀಕ್ಷೆ ಇದೆ. ನೀನು ಪಾಲಿಸುತ್ತಿರುವ ನಿಯಮ ಎಲ್ಲರಿಗೂ ನಿಯಮವಾಗಲಿ ಎಂದು ನೀನು ಬಯಸಬಲ್ಲೆಯಾ?

ಒಬ್ಬನಿಗೆ ದುಡ್ಡಿನ ತುರ್ತು. ಪಕ್ಕದ ಮನೆಯವರ ಹತ್ತಿರ ಕೈಗಡ ಕೇಳುತ್ತಾನೆ. "ಎಳ್ಳಮಾವಾಸಿ ಒಳಗ ತಿರುಗಿ ಕೊಡ್ತೀನಿ ಕಾಕಾ." ಕೊಡಲು ಆಗುವುದಿಲ್ಲ ಎಂದು ಅವನಿಗೆ ಆಗಲೇ ಗೊತ್ತು. ಇದು ಏಕೆ ತಪ್ಪು? ಎಲ್ಲರೂ ಹೀಗೆ ಮಾಡಿದರೆ ಸಮಾಜ ಹಾಳಾಗುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಹಾಗೆ ಹೇಳಿದರೆ ಅದು ಫಲದ ಲೆಕ್ಕವಾಯಿತು. ಕಾಂಟ್ ತೋರಿಸುವುದು ಇನ್ನೂ ಸೂಕ್ಷ್ಮವಾದದ್ದು. ಎಲ್ಲರೂ ಸುಳ್ಳು ಮಾತು ಕೊಟ್ಟೇ ಸಾಲ ಪಡೆಯುವ ಊರಿನಲ್ಲಿ ಮಾತಿಗೆ ಬೆಲೆಯೇ ಇರುವುದಿಲ್ಲ. ಅಂಥ ಊರಲ್ಲಿ "ಕೊಡ್ತೀನಿ ಕಾಕಾ" ಎಂದರೆ ಕಾಕಾ ನಕ್ಕು ಬಾಗಿಲು ಹಾಕಿಕೊಳ್ಳುತ್ತಾರೆ. ಅಂದರೆ ಈ ಮನುಷ್ಯನ ಉಪಾಯ ಕೆಲಸ ಮಾಡಬೇಕಾದರೆ ಉಳಿದವರೆಲ್ಲ ಮಾತು ಉಳಿಸಿಕೊಳ್ಳುತ್ತಿರಬೇಕು. ಎಲ್ಲರಿಗೂ ಒಂದು ನಿಯಮ ಇರಲಿ, ನನಗೊಬ್ಬನಿಗೆ ರಿಯಾಯಿತಿ ಇರಲಿ ಎಂದು ಅವನು ಬಯಸುತ್ತಿದ್ದಾನೆ. ತಪ್ಪು ಇರುವುದು ಆ ರಿಯಾಯಿತಿಯಲ್ಲಿ.

ಈ ಪರೀಕ್ಷೆಗೂ ದೌರ್ಬಲ್ಯ ಇದೆ. ನಿಯಮವನ್ನು ತೀರಾ ಕಿರಿದಾಗಿ ಹೇಳಿಕೊಂಡರೆ, ಇಂಥ ಹೆಸರಿನ, ಇಂಥ ಓಣಿಯ, ಇಂಥ ದಿನ ಹುಟ್ಟಿದವನು ಮಾತ್ರ ಸುಳ್ಳು ಹೇಳಬಹುದು ಎಂದು ಮಾಡಿಕೊಂಡರೆ, ಪಾಸಾಗಿಬಿಡಬಹುದು. ತನಗೆ ತಾನೇ ಮೋಸ ಮಾಡಿಕೊಳ್ಳುವವನಿಗೆ ಯಾವ ಪರೀಕ್ಷೆಯೂ ಸಾಲದು. ಬಹುಶಃ ಅದಕ್ಕೇ ಕಾಂಟ್ ಅದೇ ಪುಸ್ತಕದಲ್ಲಿ ಇನ್ನೊಂದು ಸೂತ್ರವನ್ನೂ ಕೊಟ್ಟ. ನನಗೆ ಅದೇ ಹೆಚ್ಚು ಮುಖ್ಯ. ಮನುಷ್ಯರನ್ನು, ನಿನ್ನನ್ನೂ ಸೇರಿಸಿ, ಎಂದೂ ಕೇವಲ ಸಾಧನವಾಗಿ ಬಳಸಬೇಡ. ಯಾವಾಗಲೂ ಅವರನ್ನೇ ಗುರಿ ಎಂದೂ ಕಾಣು.

ಇದರ ಹಿಂದೆ ಬೆಲೆ ಮತ್ತು ಘನತೆಯ ವ್ಯತ್ಯಾಸ ಇದೆ. ಬೀದರಿನ ಬಿದ್ರಿ ಹೂಜಿಯನ್ನೇ ತೆಗೆದುಕೊಳ್ಳಿ. ಸತುವು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಮಾಡಿದ್ದು. ಅದಕ್ಕೆ ಪೇಟೆಯಲ್ಲಿ ಒಂದು ದರ ಇದೆ. ಅದು ಅಜ್ಜಿ ಕೊಟ್ಟ ಹೂಜಿಯಾದರೆ ಅದರ ಬೆಲೆ ಪೇಟೆಯ ದರಕ್ಕಿಂತ ಜಾಸ್ತಿ, ಏಕೆಂದರೆ ಮನಸ್ಸು ಅದಕ್ಕೆ ಅಂಟಿಕೊಂಡಿದೆ. ಕಾಂಟ್ ಈ ಎರಡನ್ನೂ ಬೆಲೆ ಎಂದೇ ಕರೆಯುತ್ತಾನೆ, ಒಂದು ಪೇಟೆಯದು, ಇನ್ನೊಂದು ಮನಸ್ಸಿನದು. ಬೆಲೆ ಇರುವುದರ ಬದಲಿಗೆ ಅಷ್ಟೇ ಬೆಲೆಯ ಬೇರೊಂದನ್ನು ಇಡಬಹುದು. ಆ ಹೂಜಿ ಮಾಡಿದ ಕುಶಲಕರ್ಮಿಯ ಕೈಚಳಕಕ್ಕೂ ಕೂಲಿ ಇದೆ, ಅದೂ ಬೆಲೆಯೇ. ಆದರೆ ಆ ಕುಶಲಕರ್ಮಿಯ ಬದಲಿಗೆ ಇಡಬಹುದಾದದ್ದು ಏನೂ ಇಲ್ಲ. ಅವನಿಗಿರುವುದು ಘನತೆ.

ಈ ಘನತೆ ಎಲ್ಲಿಂದ ಬಂತು? ಜಾತಿಯಿಂದಲ್ಲ, ಓದಿನಿಂದಲ್ಲ, ಹೊಲದಿಂದಲ್ಲ. ಒಳ್ಳೆಯ ನಡತೆಯಿಂದಲೂ ಅಲ್ಲ. ಸರಿ ತಪ್ಪು ಯೋಚಿಸಿ ತನಗೆ ತಾನೇ ನಿಯಮ ಹಾಕಿಕೊಳ್ಳುವ ಶಕ್ತಿ ಅವನಲ್ಲಿದೆ, ಅದರಿಂದ ಬಂತು. ನಾವು ಯಾರೂ ಅದನ್ನು ಅವನಿಗೆ ಕೊಟ್ಟಿಲ್ಲ, ಆದ್ದರಿಂದ ಕಸಿಯಲೂ ಬರುವುದಿಲ್ಲ. ಕಳ್ಳನಿಗೂ ಅದು ಇದೆ. ಕಳ್ಳನನ್ನು ಶಿಕ್ಷಿಸಬಹುದು. ಕಂಬಕ್ಕೆ ಕಟ್ಟಿ, ವಿಡಿಯೋ ಮಾಡಿ, ಮೊಬೈಲಿನಲ್ಲಿ ಹಂಚುವಂತಿಲ್ಲ.

'ಕೇವಲ' ಎಂಬುದನ್ನು ಮರೆಯಬೇಡಿ. ನಾವು ದಿನಾ ಒಬ್ಬರನ್ನೊಬ್ಬರು ಬಳಸುತ್ತೇವೆ. ಆಟೋದವನನ್ನು, ಡಾಕ್ಟರನ್ನು, ಮೇಷ್ಟ್ರನ್ನು. ಅದರಲ್ಲಿ ತಪ್ಪಿಲ್ಲ. ತಪ್ಪು ಯಾವಾಗ ಆಗುತ್ತದೆ ಎಂದು ನೋಡಲು ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋಗುವ ಕುಟುಂಬಗಳನ್ನು ನೆನೆಸಿಕೊಳ್ಳಿ. ಒಬ್ಬ ಮೇಸ್ತ್ರಿ ಮುಂಗಡ ಕೊಡುವಾಗಲೇ ಊರು, ಕೆಲಸ, ಕೂಲಿ, ಇರುವ ಜಾಗ ಎಲ್ಲ ಹೇಳುತ್ತಾನೆ. ಇನ್ನೊಬ್ಬ ಒಂದು ಹೇಳಿ ಇನ್ನೊಂದು ಕಡೆ ಒಯ್ಯುತ್ತಾನೆ, "ಲೆಕ್ಕ ಆಮೇಲೆ" ಎನ್ನುತ್ತಾನೆ, ಮುಂಗಡ ತೀರುವವರೆಗೆ ಬಿಡುವುದಿಲ್ಲ. ಇಬ್ಬರೂ ಕೂಲಿಗಳಿಂದ ದುಡಿಸಿಕೊಂಡು ಲಾಭ ಮಾಡುತ್ತಾರೆ. ಮೊದಲನೆಯವನ ಹತ್ತಿರ ಕೂಲಿಯವನು ಯೋಚಿಸಿ ಹೂಂ ಅಂದ. ಎರಡನೆಯವನ ಹತ್ತಿರ ಅವನು ಹೂಂ ಅಂದದ್ದು ಬೇರೆ ಯಾವುದಕ್ಕೋ. ನಿಜವಾದ ಕೆಲಸಕ್ಕೆ ಹೂಂ ಅಥವಾ ಊಹೂಂ ಅನ್ನುವ ಅವಕಾಶವೇ ಅವನಿಗೆ ಸಿಗಲಿಲ್ಲ. ಮೋಸ ಮತ್ತು ಬಲವಂತ ಎರಡೂ ಕಾಂಟ್‌ಗೆ ಇಷ್ಟು ದೊಡ್ಡ ತಪ್ಪಾಗಿ ಕಾಣುವುದು ಇದಕ್ಕೇ. ಎರಡರಲ್ಲೂ ಎದುರಿನವನ ಯೋಚಿಸುವ ಶಕ್ತಿಯನ್ನು ಪಕ್ಕಕ್ಕೆ ತಳ್ಳಿ ಅವನ ರಟ್ಟೆಯನ್ನು ಮಾತ್ರ ಒಯ್ಯುತ್ತೇವೆ.

ನಮ್ಮ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. 1976ರ ಜೀತ ನಿರ್ಮೂಲನಾ ಕಾಯ್ದೆ ಬಂದ ಮೇಲೆ, ಹೆಬ್ಬೆಟ್ಟು ಒತ್ತಿ ಒಪ್ಪಿದ್ದಾನೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಲ್ಲೂ ಅಷ್ಟೇ. ಅವನೇ ತಯಾರಿದ್ದಾನಲ್ಲ, ಅದು ಅವನ ಸ್ವಾಯತ್ತತೆ ಅಲ್ವಾ ಎಂದು ಕೇಳುವವರಿದ್ದಾರೆ. ಹಸಿವಿನಿಂದ ಹೇಳಿಸಿದ ಹೂಂ ಪೂರ್ತಿ ಹೂಂ ಅಲ್ಲ ಎಂಬುದು ನನ್ನ ಉತ್ತರ. ಅದನ್ನು ಗೊತ್ತಿದ್ದೂ ಬಳಸಿಕೊಂಡವನನ್ನೇ ಕಾನೂನು ಹಿಡಿಯಬೇಕು.

ಮೋಸಗಾರ ಮೇಸ್ತ್ರಿಯ ಮೇಲೆ ಸಿಟ್ಟು ಬರುವುದು ಸುಲಭ. ಪ್ರೀತಿಯಿಂದ ಘನತೆಗೆ ಪೆಟ್ಟು ಬಿದ್ದರೆ ಅದು ಕಾಣುವುದೇ ಇಲ್ಲ. ದವಾಖಾನೆಯ ವರಾಂಡದಲ್ಲಿ ಮಗ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳುತ್ತಾನೆ: "ಸಾಹೇಬ್ರ, ಕ್ಯಾನ್ಸರ್ ಅಂತ ಅವ್ವಗ ಹೇಳಬ್ಯಾಡ್ರಿ. ಗ್ಯಾಸ್ಟ್ರಿಕ್ ಅಂತ ಹೇಳ್ರಿ." ಡಾಕ್ಟರ್ ತಲೆಯಾಡಿಸುತ್ತಾರೆ. ಇಂಥದ್ದನ್ನು ನಮ್ಮ ಭಾಗದಲ್ಲಿ ನೋಡದವರು ಕಡಿಮೆ. ಮಗನ ಕಣ್ಣಲ್ಲಿ ನೀರಿದೆ, ಅವನ ಪ್ರೀತಿ ಸುಳ್ಳಲ್ಲ. ಆದರೆ ಅವ್ವನ ಕಡೆಯಿಂದ ನೋಡಿ. ಆಕೆಗೆ ಉಳಿದಿರುವುದು ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ತವರಿಗೆ ಹೋಗಿ ಬರಬೇಕು ಅನ್ನಿಸಬಹುದು. ಹೆಸರಿನಲ್ಲಿರುವ ಎರಡು ಎಕರೆಯನ್ನು ಕಿರಿ ಮಗಳಿಗೆ ಬರೆದುಕೊಡಬೇಕು ಅನ್ನಿಸಬಹುದು. ಮುನಿದು ಕೂತ ತಂಗಿಯ ಜೊತೆ ಮಾತಾಡಬೇಕು ಅನ್ನಿಸಬಹುದು. ಕೀಮೋ ಬೇಡ, ಮನೆಯಲ್ಲೇ ಇರುತ್ತೇನೆ ಎನ್ನಲೂಬಹುದು. ಗ್ಯಾಸ್ಟ್ರಿಕ್ ಇದೆ ಅಂದುಕೊಂಡವಳಿಗೆ ಇದರಲ್ಲಿ ಒಂದನ್ನೂ ತೀರ್ಮಾನಿಸಲು ಆಗುವುದಿಲ್ಲ. ಮನೆಯವರು ಆಕೆಯ ಬದುಕಿನ ಕೊನೆಯ ಭಾಗವನ್ನು ಆಕೆಗೆ ತಿಳಿಸದೆ ತಾವೇ ನಡೆಸುತ್ತಿರುತ್ತಾರೆ.

ನಮ್ಮಲ್ಲಿ ಮನೆಯೇ ತೀರ್ಮಾನ ಮಾಡುವುದು, ಒಬ್ಬೊಬ್ಬರೇ ತೀರ್ಮಾನಿಸುವುದು ಪಶ್ಚಿಮದ ರೂಢಿ ಎನ್ನುವ ಆಕ್ಷೇಪ ಇದೆ. ಇದನ್ನು ಹಗುರವಾಗಿ ತಳ್ಳಬಾರದು. ಎಷ್ಟೋ ಹಿರಿಯರು ತಾವಾಗೇ ಹೇಳುತ್ತಾರೆ: "ನನಗೇನೂ ಹೇಳಬ್ಯಾಡ್ರಪ್ಪ, ಮಗನಿಗೆ ಹೇಳ್ರಿ, ಅವ ನೋಡ್ಕೋತಾನ." ಹಾಗೆ ಹೇಳಿದರೆ ಅದು ಅವರ ತೀರ್ಮಾನ. ಅದನ್ನು ಗೌರವಿಸುವುದೇ ಸ್ವಾಯತ್ತತೆಯನ್ನು ಗೌರವಿಸುವುದು. ಆದರೆ ಅವರನ್ನು ಒಮ್ಮೆ ಕೇಳಬೇಕಲ್ಲವೇ? "ಅವ್ವಾ, ರಿಪೋರ್ಟ್ ಬಂದದ. ನಿನಗ ಎಲ್ಲಾ ಹೇಳಲೇನು?" ಇಷ್ಟು ಕೇಳಿದರೆ ಸಾಕು, ಬಾಗಿಲು ಆಕೆಯ ಕೈಯಲ್ಲಿರುತ್ತದೆ. ಎಷ್ಟು ಹೇಳಬೇಕು, ಯಾವಾಗ ಹೇಳಬೇಕು, ಯಾರು ಹೇಳಬೇಕು ಎಂಬುದರಲ್ಲಿ ಪ್ರೀತಿಗೆ ಬೇಕಾದಷ್ಟು ಜಾಗ ಇದೆ.

ಸುಪ್ರೀಂ ಕೋರ್ಟ್ 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳುವಾಗ ಘನತೆ ಮತ್ತು ಸ್ವಾಯತ್ತತೆಯನ್ನೇ ಆಧಾರ ಮಾಡಿಕೊಂಡಿತು. 2018ರ ಮಾರ್ಚ್‌ನಲ್ಲಿ ಇನ್ನೊಂದು ತೀರ್ಪು ಬಂತು. ವಾಸಿಯಾಗದ ಕಾಯಿಲೆ ಬಂದು ಮಾತಾಡಲಾಗದ ಸ್ಥಿತಿಗೆ ಹೋದರೆ ನನಗೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡಬಹುದು ಎಂದು ಅದು ಒಪ್ಪಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಆದರೆ ಕಾಯಿಲೆ ಬಂದ ಮೇಲೆ ಯೋಚಿಸಿ ಹೀಗೆ ಬರೆದಿಡಬೇಕಾದರೆ ಮೊದಲು ತನಗೆ ಏನಾಗಿದೆ ಎಂದು ತಿಳಿದಿರಬೇಕು. ಗ್ಯಾಸ್ಟ್ರಿಕ್ ಎಂದು ನಂಬಿದವಳಿಗೆ ಆ ಹಕ್ಕು ಕಾಗದದ ಮೇಲೆ ಮಾತ್ರ.

ಈಗ ಹೊಣೆಯ ವಿಷಯ. ಇದಕ್ಕೆ ಬೀದರಿನ ಇತಿಹಾಸದಲ್ಲೇ ಒಂದು ಪ್ರಕರಣ ಇದೆ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಬೀದರಿನಲ್ಲಿ ಇವತ್ತೂ ನಿಂತಿದೆ. 1481ರಲ್ಲಿ ಅವನನ್ನು ಕೊಲ್ಲಿಸಲಾಯಿತು. ಹಳೆಯ ಪರ್ಷಿಯನ್ ಇತಿಹಾಸಗಳು ಹೇಳುವುದು ಹೀಗೆ. ಅವನನ್ನು ಕಂಡರಾಗದ ಸರದಾರರು ಅವನ ಮುದ್ರೆ ಕಾಯುವ ಗುಲಾಮನ ಗೆಳೆತನ ಮಾಡಿದರು. ಅವನಿಗೆ ಕುಡಿಸಿ ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನಿಗೆ ಗವಾನ್ ಬರೆದಂತೆ ದ್ರೋಹದ ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಶಾಗೆ ಅದನ್ನು ತೋರಿಸಿದಾಗ ಅವನೂ ಮದ್ಯದ ಅಮಲಿನಲ್ಲಿದ್ದ. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದರೂ ವಿಚಾರಣೆ ಆಗಲಿಲ್ಲ. ಸುಲ್ತಾನ ಅಪ್ಪಣೆ ಕೊಟ್ಟ, ಒಬ್ಬ ಗುಲಾಮ ಕತ್ತಿ ಎತ್ತಿದ. ಸತ್ಯ ತಿಳಿದ ಮೇಲೆ ಸುಲ್ತಾನ ಪಶ್ಚಾತ್ತಾಪ ಪಟ್ಟ. ಮರು ವರ್ಷ ಅವನೂ ಸತ್ತ.

ಈ ಸಾವಿಗೆ ಯಾರು ಹೊಣೆ? ಪತ್ರ ಬರೆದವರ ಬಗ್ಗೆ ಅನುಮಾನವೇ ಇಲ್ಲ. ಉಳಿದ ಮೂವರಿಗೂ ಒಂದೊಂದು ನೆಪ ಇದೆ. ಮುದ್ರೆಯವನು ನನಗೆ ಅಮಲಿತ್ತು ಎನ್ನಬಹುದು. ಕುಡಿದವನ ಕೆಲಸಕ್ಕೆ ಅವನನ್ನು ಪೂರ್ತಿ ಹೊಣೆ ಮಾಡಲಾಗದಿದ್ದರೂ, ಕುಡಿದದ್ದಕ್ಕೆ ಅವನೇ ಹೊಣೆ ಎಂದು ಕಾಂಟ್ ಪಾಠದಲ್ಲಿ ಹೇಳುತ್ತಿದ್ದ. ಬೇರೆಯವರ ಮುದ್ರೆ ಕೈಯಲ್ಲಿದ್ದಾಗ ಕುಡಿಯುವುದೇ ತಪ್ಪು. ಸುಲ್ತಾನ ನನಗೆ ಮೋಸವಾಯಿತು ಎನ್ನಬಹುದು. ಮೋಸ ಆದದ್ದು ನಿಜ. ಆದರೆ ಎದುರಿಗೆ ನಿಂತ ಮನುಷ್ಯ ನನ್ನದಲ್ಲ ಎಂದಾಗ ವಿಚಾರಿಸದೇ ಇದ್ದದ್ದು ಅವನ ಸ್ವಂತ ಕೆಲಸ. ನನ್ನ ಪ್ರಕಾರ ಇಲ್ಲಿ ಹೆಚ್ಚಿನ ಭಾರ ಅವನ ಮೇಲೇ ಬೀಳುತ್ತದೆ.

ಕತ್ತಿ ಎತ್ತಿದವನ ಕಥೆ ಕಷ್ಟದ್ದು. ಅವನು ಗುಲಾಮ. ಇಲ್ಲ ಎಂದಿದ್ದರೆ ಅವನ ತಲೆಯೂ ಹೋಗುತ್ತಿತ್ತು. ಕಾಂಟ್ 1788ರ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಎತ್ತುತ್ತಾನೆ. ಒಬ್ಬ ಪ್ರಾಮಾಣಿಕನ ವಿರುದ್ಧ ಸುಳ್ಳು ಸಾಕ್ಷಿ ಹೇಳು, ಇಲ್ಲದಿದ್ದರೆ ಗಲ್ಲು ಎಂದು ರಾಜ ಹೇಳಿದರೆ ನೀನು ಏನು ಮಾಡುತ್ತೀ? ನಾನು ಖಂಡಿತ ನಿರಾಕರಿಸುತ್ತೇನೆ ಎಂದು ಯಾರೂ ಧೈರ್ಯವಾಗಿ ಹೇಳಲಾರರು. ಆದರೆ ನಿರಾಕರಿಸಲು ಸಾಧ್ಯ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಮಾಡಬೇಕು ಎಂದು ಒಳಗೆ ಗೊತ್ತಿರುವುದರಿಂದಲೇ ಮಾಡಬಲ್ಲೆ ಎಂಬುದೂ ತಿಳಿಯುತ್ತದೆ. ಆ ಸಾಧ್ಯತೆಯಲ್ಲೇ ನಮ್ಮ ಸ್ವಾತಂತ್ರ್ಯ ಇದೆ. ಹಾಗೆಂದು ಭಯದಲ್ಲಿದ್ದ ಗುಲಾಮನನ್ನೂ ಅಮಲಿನಲ್ಲಿದ್ದ ಸುಲ್ತಾನನನ್ನೂ ಒಂದೇ ಸಮ ತೂಗಬೇಕಿಲ್ಲ. ಅಡ್ಡಿ ಎಷ್ಟು ದೊಡ್ಡದಿತ್ತು ಎಂಬುದನ್ನು ನೋಡಿ ಹೊಣೆಯ ಪ್ರಮಾಣ ಅಳೆಯಬೇಕು ಎಂದು ಕಾಂಟ್ 1797ರ ಇನ್ನೊಂದು ಪುಸ್ತಕದಲ್ಲಿ ಬರೆದಿದ್ದಾನೆ.

ಅದೇ ಪುಸ್ತಕದಲ್ಲಿ ಅವನು ವ್ಯಕ್ತಿ ಮತ್ತು ವಸ್ತುವಿನ ನಡುವೆ ಗೆರೆ ಎಳೆಯುತ್ತಾನೆ. ಮಾಡಿದ ಕೆಲಸದ ಹೊಣೆ ಹೊರಬಲ್ಲವರು ವ್ಯಕ್ತಿಗಳು. ವಸ್ತುವಿಗೆ ಹೊಣೆ ಇಲ್ಲ. ಕತ್ತಿಯನ್ನು ಯಾರೂ ಬೈಯುವುದಿಲ್ಲ, ಮುದ್ರೆಯನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ಈಗ "ಸಾಹೇಬ್ರು ಹೇಳಿದ್ರು, ಸಹಿ ಹಾಕ್ದೆ" ಎನ್ನುವ ನೌಕರನನ್ನು ನೋಡಿ. ಕೆಲಸಕ್ಕೇ ಬಾರದವರ ಹೆಸರು ಕೂಲಿ ಹಾಜರಿ ಪಟ್ಟಿಯಲ್ಲಿ ಇದೆ ಎಂದು ಅವನಿಗೆ ಗೊತ್ತಿತ್ತು. ನನಗೆ ಹೊಣೆ ಇಲ್ಲ ಎಂದು ಹೇಳುವಾಗ ಅವನು ತನ್ನನ್ನು ರಬ್ಬರ್ ಸ್ಟಾಂಪಿನ ಸಾಲಿಗೆ ಇಳಿಸಿಕೊಳ್ಳುತ್ತಿದ್ದಾನೆ. ನನಗೆ ಘನತೆ ಬೇಕು, ಹೊಣೆ ಬೇಡ ಎಂದು ಕೇಳಲು ಬರುವುದಿಲ್ಲ. ಎರಡೂ ಒಂದೇ ಶಕ್ತಿಯಿಂದ ಹುಟ್ಟಿದವು. ಕಾಂಟ್‌ನ ಇಡೀ ನೀತಿಶಾಸ್ತ್ರದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ.

1961ರಲ್ಲಿ ಜೆರುಸಲೇಮಿನಲ್ಲಿ ನಾಜಿ ಅಧಿಕಾರಿ ಅಡಾಲ್ಫ್ ಐಖ್ಮನ್‌ನ ವಿಚಾರಣೆ ನಡೆಯಿತು. ಲಕ್ಷಗಟ್ಟಲೆ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡವನು ಅವನು. ಬದುಕಿಡೀ ಕಾಂಟ್ ಹೇಳಿದ ಕರ್ತವ್ಯದಂತೆ ನಡೆದೆ ಎಂದು ಅಲ್ಲಿ ಹೇಳಿಕೊಂಡ. ನ್ಯಾಯಾಧೀಶರು ಕೆದಕಿದಾಗ, ಆ ಕೆಲಸ ಕೈಗೆ ಬಂದ ಮೇಲೆ ಕಾಂಟ್‌ನಂತೆ ನಡೆಯುವುದನ್ನು ಬಿಟ್ಟೆ ಎಂದೂ ಒಪ್ಪಿಕೊಂಡ. ಯೋಚನೆಯನ್ನು ಮೇಲಿನವರಿಗೆ ಒಪ್ಪಿಸಿದ ಕ್ಷಣವೇ ಅವನಿಗೂ ಕಾಂಟ್‌ಗೂ ನಂಟು ಕಡಿದಿತ್ತು.

ಹಾಗೆಂದು ಕಾಂಟ್ ಹೇಳಿದ್ದೆಲ್ಲ ಸರಿ ಎಂದು ನಾನು ಒಪ್ಪುವುದಿಲ್ಲ. 1797ರಲ್ಲಿ ಅವನು ಬರೆದ ಒಂದು ಲೇಖನ ಕುಪ್ರಸಿದ್ಧ. ಕೊಲ್ಲಲು ಬಂದವನು ಬಾಗಿಲಲ್ಲಿ ನಿಂತು ನಿನ್ನ ಗೆಳೆಯ ಒಳಗಿದ್ದಾನಾ ಎಂದು ಕೇಳಿದರೂ ಸುಳ್ಳು ಹೇಳಬಾರದು ಎಂದು ಅಲ್ಲಿ ವಾದಿಸುತ್ತಾನೆ. ಸತ್ಯ ಹೇಳಿದರೆ ಮುಂದಾಗುವುದಕ್ಕೆ ನೀನು ಹೊಣೆಯಲ್ಲ, ಸುಳ್ಳು ಹೇಳಿದರೆ ಅದರಿಂದ ಆಗುವ ಎಲ್ಲದಕ್ಕೂ ಹೊಣೆ ಎಂಬುದು ಅವನ ತರ್ಕ. ನನಗೆ ಇದು ಸುತಾರಾಂ ಒಪ್ಪಿಗೆಯಿಲ್ಲ. ಒಳಗೆ ಅವಿತ ಗೆಳೆಯನ ಘನತೆ ಎಲ್ಲಿ ಹೋಯಿತು? ಡಬ್ಲ್ಯು.ಡಿ. ರಾಸ್ ಎಂಬ ಬ್ರಿಟಿಷ್ ತತ್ವಜ್ಞಾನಿ 1930ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿದ. ನಮಗೆ ಕರ್ತವ್ಯಗಳು ಹಲವು. ಒಂದಕ್ಕೊಂದು ಎದುರಾದಾಗ ಆ ಸಂದರ್ಭದಲ್ಲಿ ಯಾವುದು ಭಾರ ಎಂದು ತೂಗಬೇಕು. ಕಾಂಟ್‌ನ ಗಡಸುತನ ಬಿಟ್ಟು ಕರ್ತವ್ಯವನ್ನು ಉಳಿಸಿಕೊಳ್ಳಲು ಇದು ಒಳ್ಳೆಯ ತಿದ್ದುಪಡಿ.

ಇನ್ನೊಂದು ಕೊರತೆ ಹೆಚ್ಚು ನೋವಿನದು. ಎಲ್ಲ ಮನುಷ್ಯರಿಗೂ ಘನತೆ ಇದೆ ಎಂದವನೇ ಹೆಂಗಸರನ್ನೂ ಮನೆಯ ಆಳುಗಳನ್ನೂ ಮತ ಹಾಕುವ ನಾಗರಿಕರ ಸಾಲಿನಿಂದ ಹೊರಗಿಟ್ಟ. ಜನಾಂಗಗಳ ಬಗ್ಗೆ ಅವನು ಬರೆದದ್ದರಲ್ಲಿ ಓದಲು ನಾಚಿಕೆಯಾಗುವ ಸಾಲುಗಳಿವೆ. ಇದನ್ನು ಮುಚ್ಚಿಡಬಾರದು. ಅವನ ಸೂತ್ರದಿಂದಲೇ ಅವನನ್ನು ತಿದ್ದಬಹುದು, ತಿದ್ದಬೇಕು.

ಕಾಂಟ್‌ಗಿಂತ ಆರು ಶತಮಾನ ಮೊದಲು ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಅಕ್ಕಿ ಆಯುವ ಹೆಣ್ಣುಮಗಳೊಬ್ಬಳು ಗಂಡನನ್ನು ಪ್ರಶ್ನಿಸಿದ್ದಳು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದದ್ದಕ್ಕಿಂತ ಜಾಸ್ತಿ ಅಕ್ಕಿ ತಂದ. ಇಷ್ಟು ಆಸೆ ನಿಮಗೇಕೆ ಎಂದು ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳು. ಅವರನ್ನು ಯಾರೂ ಹಿಡಿದಿರಲಿಲ್ಲ, ಕೇಳುವ ಅಧಿಕಾರಿಯೂ ಇರಲಿಲ್ಲ. ತಾವೇ ಒಪ್ಪಿಕೊಂಡ ನಿಯಮ ಮಾತ್ರ ಇತ್ತು. ಇಬ್ಬರ ವಿಚಾರವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಲಕ್ಕಮ್ಮನ ನಿಯಮ ಭಕ್ತಿಯಲ್ಲಿ ಬೇರೂರಿದೆ, ಕಾಂಟ್ ಬುದ್ಧಿಯೊಂದರಿಂದಲೇ ಕಟ್ಟಲು ಹೊರಟವನು. ಆದರೆ ಬಡವಿಯೊಬ್ಬಳು ನೀತಿಯ ವಿಷಯದಲ್ಲಿ ಯಾರ ಅಪ್ಪಣೆಗೂ ಕಾಯದೆ ಮಾತಾಡಬಹುದು ಎಂಬುದನ್ನು ಕಲ್ಯಾಣದವರು ನಡೆಸಿ ತೋರಿಸಿದರು. ಕಾಂಟ್ ಬರೆದ, ಅಷ್ಟು ದೂರ ನಡೆಯಲಿಲ್ಲ.

ಕೊನೆಗೆ, ತನ್ನ ಘನತೆಯ ಬಗ್ಗೆ ತನಗೇ ಇರುವ ಕರ್ತವ್ಯ. ತನ್ನನ್ನು ತಾನೇ ಹುಳುವಾಗಿ ಮಾಡಿಕೊಂಡವನು ಆಮೇಲೆ ಜನ ತುಳಿದರು ಎಂದು ದೂರುವಂತಿಲ್ಲ ಎನ್ನುತ್ತಾನೆ ಕಾಂಟ್. ಹಕ್ಕಿನದನ್ನು ಬೇಡುತ್ತಾ ನಿಲ್ಲಬೇಡ ಎಂಬ ಅರ್ಥದಲ್ಲಿ ಈ ಮಾತು ನನಗೆ ಇಷ್ಟ. ಆದರೆ ಇದನ್ನು ಯಾರಿಗೆ ಹೇಳುತ್ತಿದ್ದೇವೆ ಎಂದು ನೋಡಬೇಕು. ವೃದ್ಧಾಪ್ಯ ವೇತನದ ಕಾಗದ ಹಿಡಿದು ಚಪ್ಪಲಿ ಹೊರಗೆ ಬಿಟ್ಟು, ಕೈಮುಗಿದು, ಬೆಳಿಗ್ಗೆಯಿಂದ ಕಿಟಕಿಯ ಮುಂದೆ ನಿಂತ ಅಜ್ಜ ತಾನಾಗಿ ಹುಳುವಾದವನಲ್ಲ. ತಲೆತಲಾಂತರದಿಂದ ಅವನಿಗೆ ಹಾಗೆ ನಿಲ್ಲಲು ಕಲಿಸಲಾಗಿದೆ. ನೆಟ್ಟಗೆ ನಿಂತು ಕೇಳಿದರೆ ಕಾಗದ ಇನ್ನೊಂದು ತಿಂಗಳು ಕೂರುತ್ತದೆ ಎಂದು ಅವನ ಅನುಭವ ಹೇಳುತ್ತದೆ. ಹೊಣೆಯನ್ನು ಅಡ್ಡಿಯ ಪ್ರಮಾಣ ನೋಡಿ ಅಳೆಯಬೇಕು ಎಂಬ ಮಾತನ್ನು ಇಲ್ಲೂ ಹಚ್ಚಿದರೆ ಅಜ್ಜನ ಪಾಲಿಗೆ ಬರುವುದು ತೀರಾ ಕಡಿಮೆ. ಕಿಟಕಿಯ ಒಳಗೆ ಕುರ್ಚಿಯ ಮೇಲೆ ಕೂತವನಿಗೆ ಯಾವ ಅಡ್ಡಿಯೂ ಇಲ್ಲ. "ಬರ್ರಿ ಅಜ್ಜಾ, ಕೂಡ್ರಿ, ಯಾವ ಕಾಗದ ಕಡಿಮೆ ಅದ ನೋಡೋಣ" ಎನ್ನಲು ಅವನಿಗೆ ಯಾರ ಆದೇಶವೂ ಬೇಕಿಲ್ಲ.